ಡೀಸೆಲ್ ಮತ್ತು ಹಳೇ ಎಂಜಿನ್ ಆಯಿಲ್ ಕುಡಿದ ಮಣ್ಣನ್ನು ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸುವ ಕ್ರಮ

ಡೀಸೆಲ್ ಪಂಪ್‌ಸೆಟ್ಟಿನ ಸುತ್ತ, ಜನರೇಟರ್ ನಿಲ್ಲಿಸಿದ ಮೂಲೆಯಲ್ಲಿ, ಟ್ರ್ಯಾಕ್ಟರಿನ ಆಯಿಲ್ ಬದಲಿಸುವ ಜಾಗದಲ್ಲಿ, ಊರಿನ ಗ್ಯಾರೇಜುಗಳ ಮುಂದೆ ಕಪ್ಪಗೆ ಗಟ್ಟಿಯಾಗಿ ಗರಿಕೆಯೂ ಹುಟ್ಟದ ಒಂದಿಷ್ಟು ನೆಲ ಇದ್ದೇ ಇರುತ್ತದೆ. ಹೆಚ್ಚಿನವರು ಅದರ ಮೇಲೆ ನಾಲ್ಕು ಪುಟ್ಟಿ ಹೊಸ ಮಣ್ಣು ಸುರಿದು ಸುಮ್ಮನಾಗುತ್ತಾರೆ. ಆಗ ಎಣ್ಣೆ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಕರಗುವುದಿಲ್ಲ. ಗಾಳಿ ಸಿಗದ ಆಳದಲ್ಲಿ ಅದು ವರ್ಷಗಟ್ಟಲೆ ಹಾಗೆಯೇ ಉಳಿದು ಪ್ರತಿ ಮಳೆಗಾಲದಲ್ಲೂ ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತದೆ. ಅಂಥ ಮಣ್ಣನ್ನು ಅಗೆದು ತೆಗೆದು, ಅದರಲ್ಲಿಯೇ ಇರುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಂದ ಎಣ್ಣೆಯನ್ನು ಒಡೆಯಿಸುವುದು ಹೇಗೆ, ಎಲ್ಲಿ ಈ ವಿಧಾನವನ್ನು ಬಳಸಬಾರದು, ಕೆಲಸ ಮುಗಿದಿದೆಯೆಂದು ತಿಳಿಯುವುದು ಹೇಗೆ ಎಂಬುದನ್ನು ಮುಂದೆ ವಿವರಿಸಿದೆ. ಕೆಲವು ಲೀಟರ್ ಡೀಸೆಲ್ ಚೆಲ್ಲಿದ ಅಥವಾ ಕೆಲವು ಘನ ಮೀಟರ್ ಮಣ್ಣು ಕೆಟ್ಟಿರುವ ಸಣ್ಣ ಪ್ರಕರಣಗಳಿಗೆ ಮಾತ್ರ ಇದು ಅನ್ವಯಿಸುತ್ತದೆ.

ಎಣ್ಣೆ ಮಾಡುವ ಹಾನಿ

ಡೀಸೆಲ್ ಒಂದೇ ರಾಸಾಯನಿಕವಲ್ಲ. ನೂರಾರು ಹೈಡ್ರೋಕಾರ್ಬನ್‌ಗಳ, ಅಂದರೆ ಇಂಗಾಲ ಮತ್ತು ಜಲಜನಕದಿಂದಾದ ಸಂಯುಕ್ತಗಳ ಮಿಶ್ರಣ. ಅದರಲ್ಲಿ ನೇರ ಸರಪಳಿಯ ಆಲ್ಕೇನ್‌ಗಳು, ಕವಲೊಡೆದ ಆಲ್ಕೇನ್‌ಗಳು, ಉಂಗುರಾಕಾರದ ಸೈಕ್ಲೋಆಲ್ಕೇನ್‌ಗಳು ಮತ್ತು ಬೆಂಜೀನ್ ಉಂಗುರವುಳ್ಳ ಆರೊಮ್ಯಾಟಿಕ್ ಸಂಯುಕ್ತಗಳು ಸೇರಿರುತ್ತವೆ. ಎಂಜಿನ್ ಆಯಿಲ್‌ನ ಅಣುಗಳು ಇನ್ನೂ ದೊಡ್ಡವು. ಹೊಸ ಆಯಿಲ್‌ಗೂ ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲ್‌ಗೂ ಬಹಳ ವ್ಯತ್ಯಾಸವಿದೆ. ಎಂಜಿನ್ನಿನ ಶಾಖದಲ್ಲಿ ಬೆಂದು, ಅರೆಬರೆ ಉರಿದ ಇಂಧನದ ಮಸಿಯನ್ನು ಹೀರಿಕೊಂಡ ಆಯಿಲ್‌ನಲ್ಲಿ ಹಲವು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿರುವ ಆರೊಮ್ಯಾಟಿಕ್ ಸಂಯುಕ್ತಗಳು, ಅಂದರೆ ಪಿಎಎಚ್‌ಗಳು, ಸಂಗ್ರಹವಾಗುತ್ತವೆ. ಸವೆದ ಲೋಹದ ಭಾಗಗಳಿಂದಲೂ ಆಯಿಲ್‌ಗೆ ಬೆರೆಸಿದ ಸೇರ್ಪಡೆಗಳಿಂದಲೂ ಸತು, ತಾಮ್ರ, ಸೀಸ ಮುಂತಾದ ಲೋಹಗಳು ಬರುತ್ತವೆ. ಸೂಕ್ಷ್ಮಜೀವಿಗಳು ಹೈಡ್ರೋಕಾರ್ಬನ್‌ಗಳನ್ನು ಒಡೆಯಬಲ್ಲವು, ಲೋಹಗಳನ್ನು ಒಡೆಯಲಾರವು.

ಮಣ್ಣಿಗೆ ಆಗುವ ಹಾನಿ ಮೊದಲು ಭೌತಿಕವಾದದ್ದು. ಎಣ್ಣೆ ಮಣ್ಣಿನ ಕಣಗಳಿಗೆ ಲೇಪದಂತೆ ಅಂಟಿ ರಂಧ್ರಗಳನ್ನು ಮುಚ್ಚುತ್ತದೆ. ಮೇಲೆ ನೀರು ಹಾಕಿದರೆ ಅದು ಇಂಗದೆ ಮಣಿಯಂತೆ ಉರುಳುತ್ತದೆ. ಹಗುರವಾದ ಆರೊಮ್ಯಾಟಿಕ್ ಅಂಶಗಳು ಬೀಜದ ಮತ್ತು ಎಳೆಬೇರಿನ ಜೀವಕೋಶಗಳ ಪೊರೆಯೊಳಗೆ ಕರಗಿ ಅದನ್ನು ಸಡಿಲಗೊಳಿಸುವುದರಿಂದ ಮೊಳಕೆ ಬರುವುದಿಲ್ಲ, ಬಂದರೂ ಬೇರು ಮೊಂಡಾಗುತ್ತದೆ. ಎಣ್ಣೆಯಲ್ಲಿ ಇಂಗಾಲ ಹೇರಳವಾಗಿದ್ದು ಸಾರಜನಕ ಅತ್ಯಲ್ಪವಾಗಿರುವ ಕಾರಣ ಅದನ್ನು ತಿನ್ನಹೊರಟ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿದ್ದ ಸಾರಜನಕವನ್ನೆಲ್ಲ ತಮಗೆ ಎಳೆದುಕೊಳ್ಳುತ್ತವೆ. ಎಣ್ಣೆ ಬಿದ್ದ ಜಾಗದ ಅಂಚಿನಲ್ಲಿ ಬದುಕುಳಿದ ಗಿಡಗಳು ಹಳದಿಯಾಗುವುದಕ್ಕೆ ಇದೂ ಒಂದು ಕಾರಣ. ಚರ್ಮದಿಂದಲೇ ಉಸಿರಾಡುವ ಎರೆಹುಳುಗಳು ಸತ್ತುಹೋಗುತ್ತವೆ, ಇಲ್ಲವೇ ಜಾಗ ಬಿಡುತ್ತವೆ.

ನೀರಿಗೆ ಸೇರಿದರೆ ಹಾನಿಯ ಸ್ವರೂಪ ಬದಲಾಗುತ್ತದೆ. ಮೇಲೆ ತೇಲುವ ತೆಳುವಾದ ಪದರ ಗಾಳಿ ಬೆರೆಯುವುದನ್ನು ತಡೆಯುತ್ತದೆ, ಮೀನಿನ ಕಿವಿರುಗಳಿಗೆ ಅಂಟುತ್ತದೆ. ನೀರಿನಲ್ಲಿ ಕರಗುವ ಅಲ್ಪ ಪ್ರಮಾಣದ ಪಿಎಎಚ್‌ಗಳು ಮೀನಿನ ಭ್ರೂಣಗಳ ಹೃದಯದ ಬೆಳವಣಿಗೆಯನ್ನೇ ಕೆಡಿಸುತ್ತವೆಂಬುದು 1989ರಲ್ಲಿ ಅಲಾಸ್ಕಾದ ತೀರದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಕಚ್ಚಾ ತೈಲ ಸೋರಿದ ಬಳಿಕ ಹೆರಿಂಗ್ ಮತ್ತು ಸಾಲ್ಮನ್ ಮೀನುಗಳ ಮೇಲೆ ನಡೆದ ಅಧ್ಯಯನಗಳಿಂದ ತಿಳಿದುಬಂತು. ಸೊಳ್ಳೆಮರಿ ಸಾಯಲೆಂದು ನಿಂತ ನೀರಿಗೆ ಹಳೇ ಆಯಿಲ್ ಸುರಿಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಮರಿಗಳು ಸಾಯುವುದು ನಿಜ. ಆದರೆ ಆ ಚರಂಡಿಯ ನೀರು ಕೆರೆಗೆ ಹೋಗಿ ಸೇರಿದಾಗ ಮರಿಗಳನ್ನು ತಿನ್ನುವ ಮೀನುಗಳಿಗೂ ಅದೇ ಗತಿ.

ಮನುಷ್ಯರ ವಿಷಯದಲ್ಲಿ ತಕ್ಷಣದ ಅಪಾಯ ಒಂದು, ದೀರ್ಘಕಾಲದ್ದು ಇನ್ನೊಂದು. ಕ್ಯಾನಿನಿಂದ ಡೀಸೆಲ್ ಇಳಿಸಲು ಪೈಪಿಗೆ ಬಾಯಿ ಹಚ್ಚಿ ಎಳೆಯುವಾಗ ಅದು ಗಂಟಲಿಗಿಳಿದರೆ, ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹನಿಯಷ್ಟು ಸೇರುವುದೇ ಹೆಚ್ಚು ಅಪಾಯಕರ. ಅದರಿಂದ ತೀವ್ರವಾದ ಶ್ವಾಸಕೋಶದ ಉರಿಯೂತ ಉಂಟಾಗಬಹುದು. ಅಂಥ ಸಂದರ್ಭದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಏಕೆಂದರೆ ವಾಂತಿಯಾಗುವಾಗ ಎಣ್ಣೆ ಮತ್ತೊಮ್ಮೆ ಶ್ವಾಸನಾಳಕ್ಕೆ ಇಳಿಯುವ ಸಂಭವವಿದೆ. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಗ್ಯಾರೇಜಿನಲ್ಲಿ ಪೆಟ್ರೋಲಿನಿಂದಲೋ ಡೀಸೆಲ್‌ನಿಂದಲೋ ಕೈ ತೊಳೆಯುವವರ ಚರ್ಮದ ಸಹಜವಾದ ಜಿಡ್ಡು ಹೋಗಿ ಬಿರುಕು, ತುರಿಕೆ ಬರುತ್ತವೆ, ಆ ಬಿರುಕುಗಳ ಮೂಲಕ ಕಪ್ಪು ಆಯಿಲ್ ಇನ್ನಷ್ಟು ಸುಲಭವಾಗಿ ಒಳಗೆ ಹೋಗುತ್ತದೆ.

ದೀರ್ಘಕಾಲದ ಚಿಂತೆ ಕ್ಯಾನ್ಸರಿನದು. ಬೆಂಜೀನ್ ಮತ್ತು ಐದು ಉಂಗುರಗಳ ಪಿಎಎಚ್ ಆದ ಬೆಂಜೋಪೈರೀನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿದೆ. ಬೆಂಜೋಪೈರೀನ್ ತಾನಾಗಿ ವಂಶವಾಹಿಗೆ ಅಂಟುವುದಿಲ್ಲ. ದೇಹವು ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ಯಕೃತ್ತಿನ ಕಿಣ್ವಗಳ ಮೂಲಕ ಉತ್ಕರ್ಷಿಸುತ್ತದೆ, ಅಂದರೆ ಅದಕ್ಕೆ ಆಮ್ಲಜನಕ ಸೇರಿಸುತ್ತದೆ; ಆ ದಾರಿಯಲ್ಲಿ ಹುಟ್ಟುವ ಎಪಾಕ್ಸೈಡ್ ಎಂಬ ಚುರುಕಾದ ಸಂಯುಕ್ತವೊಂದು ಡಿಎನ್‌ಎಗೆ ಬಿಗಿಯಾಗಿ ಅಂಟಿಕೊಂಡು ಅದರ ಪ್ರತಿಯಲ್ಲಿ ತಪ್ಪುಗಳನ್ನು ಹುಟ್ಟಿಸುತ್ತದೆ. ಆದ್ದರಿಂದ ಗೆದ್ದಲು ಹತ್ತದಿರಲೆಂದು ಬಾಗಿಲು, ಗೂಟಗಳಿಗೆ ಕಪ್ಪು ಆಯಿಲ್ ಬಳಿಯುವುದನ್ನು, ಅದರಲ್ಲೂ ದನದ ಕೊಟ್ಟಿಗೆಯ ಮರಗಳಿಗೆ ಬಳಿಯುವುದನ್ನು ಬಿಡುವುದೇ ಒಳ್ಳೆಯದು. ದನಗಳು ಮರವನ್ನು ನೆಕ್ಕುತ್ತವೆ.

ಸೂಕ್ಷ್ಮಜೀವಿಗಳು ಎಣ್ಣೆಯನ್ನು ಒಡೆಯುವ ಬಗೆ

ಮಾಡಬೇಕಾದ ಕೆಲಸದ ಪ್ರತಿಯೊಂದು ಹಂತವೂ ಈ ಜೀವಕ್ರಿಯೆಯಿಂದಲೇ ಹುಟ್ಟುವುದರಿಂದ ಇದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳಬೇಕು. ಸ್ಯೂಡೊಮೊನಾಸ್, ಅಸಿನೆಟೋಬ್ಯಾಕ್ಟರ್, ರೋಡೊಕಾಕಸ್, ಮೈಕೊಬ್ಯಾಕ್ಟೀರಿಯಂ ಮುಂತಾದ ಕುಲಗಳ ಅನೇಕ ಬ್ಯಾಕ್ಟೀರಿಯಾಗಳಿಗೂ ಆಸ್ಪರ್ಜಿಲಸ್‌ನಂತಹ ಶಿಲೀಂಧ್ರಗಳಿಗೂ ಹೈಡ್ರೋಕಾರ್ಬನ್ ಆಹಾರವೇ. ಇವು ಎಲ್ಲ ಮಣ್ಣಿನಲ್ಲೂ ಅಲ್ಪಸಂಖ್ಯೆಯಲ್ಲಿ ಇರುತ್ತವೆ; ಎಣ್ಣೆ ಬಿದ್ದ ಕೆಲವು ದಿನ, ವಾರಗಳಲ್ಲಿ ಅವುಗಳ ಸಂಖ್ಯೆ ಹಲವು ಪಟ್ಟು ಏರುತ್ತದೆ. ನೇರ ಸರಪಳಿಯ ಆಲ್ಕೇನ್ ಅಣುವಿನ ತುದಿಗೆ ಬ್ಯಾಕ್ಟೀರಿಯಾದ ಕಿಣ್ವವೊಂದು ಆಮ್ಲಜನಕದ ಒಂದು ಪರಮಾಣುವನ್ನು ಸೇರಿಸುತ್ತದೆ. ಆಗ ಅದು ಆಲ್ಕೊಹಾಲ್ ಆಗಿ, ಅಲ್ಲಿಂದ ಆಲ್ಡಿಹೈಡ್ ಆಗಿ, ಕೊನೆಗೆ ಕೊಬ್ಬಿನಾಮ್ಲವಾಗುತ್ತದೆ. ಒಮ್ಮೆ ಕೊಬ್ಬಿನಾಮ್ಲವಾಯಿತೆಂದರೆ ಹೆಚ್ಚಿನ ಜೀವಿಗಳು ಕೊಬ್ಬನ್ನು ಕರಗಿಸುವ ಸಾಮಾನ್ಯ ಮಾರ್ಗದಲ್ಲಿಯೇ ಅದು ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಿ ಹೋಗಿ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಹೊಸ ಜೀವಕೋಶಗಳಾಗುತ್ತದೆ. ಬೆಂಜೀನ್ ಉಂಗುರವಿದ್ದರೆ ಕೆಲಸ ಕಷ್ಟ. ಅಲ್ಲಿ ಬೇರೊಂದು ಕಿಣ್ವವು ಆಮ್ಲಜನಕದ ಎರಡು ಪರಮಾಣುಗಳನ್ನು ಒಟ್ಟಿಗೆ ಸೇರಿಸಿ ಉಂಗುರವನ್ನು ಕ್ಯಾಟಿಕೋಲ್ ಎಂಬ ಸಂಯುಕ್ತವಾಗಿ ಮಾರ್ಪಡಿಸುತ್ತದೆ, ಅನಂತರ ಉಂಗುರ ಒಡೆದು ನೇರ ಸರಪಳಿಯಾಗುತ್ತದೆ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಎರಡೂ ದಾರಿಗಳ ಮೊದಲ ಹೆಜ್ಜೆಗೇ ಆಮ್ಲಜನಕ ಬೇಕು. ಲೆಕ್ಕ ಹಾಕಿದರೆ 1 ಕೆ.ಜಿ ಡೀಸೆಲ್ ಪೂರ್ತಿಯಾಗಿ ಒಡೆಯಲು ಸುಮಾರು 3.5 ಕೆ.ಜಿ ಆಮ್ಲಜನಕ ಬೇಕು, ಅಂದರೆ ಹನ್ನೆರಡು ಹದಿಮೂರು ಘನ ಮೀಟರ್ ಗಾಳಿ. ಗಾಳಿಯಿಲ್ಲದೆಯೂ ಒಡೆಯುವ ಬ್ಯಾಕ್ಟೀರಿಯಾಗಳಿವೆಯಾದರೂ ಅವುಗಳ ವೇಗ ಬಹಳ ಕಡಿಮೆ. ಎಕ್ಸಾನ್ ವಾಲ್ಡೀಜ್‌ನಿಂದ ಚೆಲ್ಲಿದ ಸುಮಾರು 4 ಕೋಟಿ ಲೀಟರ್ ತೈಲದಲ್ಲಿ ತೀರದ ಮೇಲ್ಪದರಕ್ಕೆ ಅಂಟಿದ್ದು ಗೊಬ್ಬರ ಸಿಂಪಡಿಸಿದ ಮೇಲೆ ಬೇಗನೆ ಕರಗಿತು. ಕಲ್ಲುಗಳ ಅಡಿಯಲ್ಲಿ ಗಾಳಿ ತಾಗದೆ ಉಳಿದ ಎಣ್ಣೆ ದಶಕಗಳ ನಂತರ ಅಗೆದಾಗಲೂ ಸಿಕ್ಕಿತು. ಎರಡನೆಯದು, ಒಡೆಯುವಿಕೆಗೆ ಒಂದು ಕ್ರಮವಿದೆ: ನೇರ ಸರಪಳಿಗಳು ಮೊದಲು, ಕವಲೊಡೆದವು ಮತ್ತು ಒಂದೆರಡು ಉಂಗುರದವು ಆಮೇಲೆ, ನಾಲ್ಕಕ್ಕಿಂತ ಹೆಚ್ಚು ಉಂಗುರಗಳ ಪಿಎಎಚ್‌ಗಳು ಎಲ್ಲಕ್ಕಿಂತ ಕೊನೆಗೆ. ಹೆಚ್ಚು ವಿಷಕಾರಿಯಾದದ್ದೇ ಕೊನೆಗೆ ಉಳಿಯುತ್ತದೆ. ಹಾಗಾಗಿ ಎಣ್ಣೆಯ ಒಟ್ಟು ಪ್ರಮಾಣ ಅರ್ಧಕ್ಕಿಳಿದ ಮಾತ್ರಕ್ಕೆ ವಿಷವೂ ಅರ್ಧವಾಯಿತೆಂದು ತಿಳಿಯಬಾರದು. ನಡುವಿನ ಹಂತದಲ್ಲಿ ಹುಟ್ಟುವ ಉತ್ಕರ್ಷಿತ ಪದಾರ್ಥಗಳು ನೀರಿನಲ್ಲಿ ಹೆಚ್ಚು ಕರಗುವುದರಿಂದ ಕೆಲವೊಮ್ಮೆ ಮಣ್ಣು ತಾತ್ಕಾಲಿಕವಾಗಿ ಮೊದಲಿಗಿಂತ ಹೆಚ್ಚು ವಿಷಕಾರಿಯಾಗಿ ಕಾಣಿಸಿಕೊಳ್ಳುವುದೂ ಉಂಟು.

ಪ್ಯಾಕೆಟ್ಟಿನಲ್ಲಿ ಬರುವ ಬ್ಯಾಕ್ಟೀರಿಯಾ ಕೊಂಡು ಹಾಕಬೇಕೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾದ ಕಥೆ ಜಗತ್ತಿಗೆ ಪರಿಚಯವಾದದ್ದು ಬಂಗಾಳದಲ್ಲಿ ಹುಟ್ಟಿದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿಯವರಿಂದ; ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಅವರು ರೂಪಿಸಿದ ಸ್ಯೂಡೊಮೊನಾಸ್ ತಳಿಗೆ ಪೇಟೆಂಟ್ ಕೊಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ಐದು-ನಾಲ್ಕರ ಬಹುಮತದಿಂದ ತೀರ್ಪು ಕೊಟ್ಟಿತು. ನಮ್ಮ ದೇಶದಲ್ಲಿ ಟೆರಿ ಎಂಬ ಸಂಶೋಧನಾ ಸಂಸ್ಥೆಯು ಸಿದ್ಧಪಡಿಸಿದ ಆಯಿಲ್‌ಝಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ತೈಲ ಶುದ್ಧೀಕರಣಾಗಾರಗಳ ಕೆಸರನ್ನು ಶುದ್ಧಗೊಳಿಸಲು ಬಳಸುತ್ತಾರೆ. ಅಂಥ ದಪ್ಪ ಕೆಸರಿಗೆ ಅದು ಸೂಕ್ತವೇ. ಆದರೆ ವರ್ಷಗಳಿಂದ ಡೀಸೆಲ್ ತೊಟ್ಟಿಕ್ಕುತ್ತಿರುವ ಪಂಪ್‌ಸೆಟ್ಟಿನ ಮಣ್ಣಿನಲ್ಲಿ ಅದನ್ನೇ ತಿಂದು ಬದುಕಲು ಕಲಿತ ಬ್ಯಾಕ್ಟೀರಿಯಾಗಳು ಈಗಾಗಲೇ ಇವೆ. ಕೊರತೆಯಿರುವುದು ಗಾಳಿ, ತೇವ, ಸಾರಜನಕ ಮತ್ತು ರಂಜಕಕ್ಕೆ. ಹಣವನ್ನು ಪ್ಯಾಕೆಟ್ಟಿಗಿಂತ ಇವುಗಳಿಗೆ ಖರ್ಚು ಮಾಡುವುದು ಜಾಣತನ.

ಕೈಹಾಕುವ ಮೊದಲು

ಕೆಲವು ಸಂದರ್ಭಗಳಲ್ಲಿ ಈ ಕೆಲಸವನ್ನು ಸ್ವಂತವಾಗಿ ಮಾಡಲೇಬಾರದು. ಬಾವಿ ಅಥವಾ ಕೊಳವೆಬಾವಿಯ ನೀರಿನಲ್ಲಿ ಎಣ್ಣೆಯ ವಾಸನೆ ಬರುತ್ತಿದ್ದರೆ, ನೆಲದೊಳಗಿನ ಟ್ಯಾಂಕ್ ಸೋರಿದ್ದರೆ, ಚೆಲ್ಲಿದ್ದು ಪೆಟ್ರೋಲ್ ಆಗಿದ್ದರೆ ಪರಿಣತರನ್ನೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಸಂಪರ್ಕಿಸಬೇಕು. ಪೆಟ್ರೋಲಿನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಅದರಲ್ಲಿ ಬೆಂಜೀನ್ ಸಹ ಹೆಚ್ಚು. ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆ ಬಿದ್ದ ಮಣ್ಣನ್ನೂ ಮುಟ್ಟಬಾರದು. ಅದರಲ್ಲಿ ಪಿಸಿಬಿ ಎಂಬ ಕ್ಲೋರಿನ್‌ಯುಕ್ತ ಸಂಯುಕ್ತಗಳು ಇರುವ ಸಾಧ್ಯತೆಯಿದ್ದು ಅವು ಇಲ್ಲಿ ಹೇಳಿದ ಕ್ರಮಕ್ಕೆ ಬಗ್ಗುವುದಿಲ್ಲ.

ಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಇದು ಹೇಳುವಷ್ಟು ದೊಡ್ಡ ವಿಷಯವಲ್ಲವೆನಿಸಿದರೂ ಗ್ಯಾಸ್ಕೆಟ್ ಬದಲಿಸದೆ ಮಣ್ಣು ಬದಲಿಸುವವರೇ ಹೆಚ್ಚು. ನೆಲದ ಮೇಲೆ ಎಣ್ಣೆ ಇನ್ನೂ ದ್ರವವಾಗಿ ನಿಂತಿದ್ದರೆ ಮರದ ಪುಡಿ, ಭತ್ತದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ ಹರಡಿ ಹೀರಿಸಿ, ಗೋಣಿಚೀಲದಲ್ಲಲ್ಲ, ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಡಬೇಕು. ಸೋಪಿನ ಪುಡಿ ಹಾಕಿ ತೊಳೆಯಬಾರದು. ಆಗ ಎಣ್ಣೆ ಸಣ್ಣ ಹನಿಗಳಾಗಿ ನೀರಿನೊಂದಿಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ಬೆಂಕಿ ಹಚ್ಚುವುದಂತೂ ಪಿಎಎಚ್‌ಗಳನ್ನು ಹೊಸದಾಗಿ ತಯಾರಿಸಿದಂತೆ.

ಎಣ್ಣೆ ಎಷ್ಟು ಆಳಕ್ಕೆ ಇಳಿದಿದೆಯೆಂದು ನಾಲ್ಕಾರು ಕಡೆ ಗುಂಡಿ ತೋಡಿ ಬಣ್ಣ ಮತ್ತು ವಾಸನೆಯಿಂದ ನೋಡಬೇಕು. ಹಿಡಿಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ ಬಿಟ್ಟಾಗ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಕಂಡರೆ ಅಲ್ಲಿಯವರೆಗೂ ಎಣ್ಣೆ ಹೋಗಿದೆಯೆಂದೇ ಅರ್ಥ. ಕೆಂಪು ಮಣ್ಣಿನಲ್ಲಿ ಈ ಆಳವನ್ನು ಊಹಿಸುವುದು ಸುಲಭ. ಎರೆಮಣ್ಣಿನಲ್ಲಿ ಹಾಗಲ್ಲ: ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊತ್ತಿನಲ್ಲಿ ಎಣ್ಣೆ ಚೆಲ್ಲಿದ್ದರೆ ಮೇಲಿನ ಒಂದಡಿ ಮಣ್ಣು ಸ್ವಚ್ಛವಾಗಿ ಕಂಡರೂ ಬಿರುಕಿನ ಗುಂಟ ಅದು ಬಹಳ ಆಳಕ್ಕೆ ಇಳಿದಿರಬಹುದು, ಆದ್ದರಿಂದ ಬಿರುಕುಗಳ ಗೆರೆಯನ್ನೇ ಹಿಡಿದು ಅಗೆಯಬೇಕು. ಅಗೆಯುವಾಗ ನೈಟ್ರೈಲ್ ಕೈಗವಸು ಮತ್ತು ಗಮ್‌ಬೂಟು ಧರಿಸಬೇಕು. ಸಾಧಾರಣ ರಬ್ಬರಿನ ಕೈಗವಸು ಎಣ್ಣೆ ತಾಗಿ ಉಬ್ಬಿ ಹರಿಯುತ್ತದೆ. ಬೀಡಿ, ಸಿಗರೇಟು ಹತ್ತಿರ ಬರಬಾರದು.

ಮಡಿ ಕಟ್ಟುವುದು

ಮಳೆನೀರು ಹರಿದು ಬರದ, ಬಾವಿಯಿಂದಲೂ ತೋಡಿನಿಂದಲೂ ದೂರವಾದ ಎತ್ತರದ ಜಾಗದಲ್ಲಿ ನೆಲವನ್ನು ಸಮ ಮಾಡಿ, ಒಂದು ಬದಿಗೆ ತುಸು ಇಳಿಜಾರು ಕೊಟ್ಟು, ಕೃಷಿ ಹೊಂಡಕ್ಕೆ ಹಾಸುವಂತಹ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹರಡಬೇಕು. ಹಾಳೆಯ ಅಂಚುಗಳನ್ನು ಸುತ್ತಲಿನ ಬದುವಿನ ಮೇಲೆ ಎತ್ತಿ ಕಟ್ಟಿ, ಇಳಿಜಾರಿನ ತುದಿಯಲ್ಲಿ ಬಕೆಟ್ ಹೂಳಿದರೆ ಮಣ್ಣಿನಿಂದ ಬಸಿಯುವ ನೀರು ಅಲ್ಲಿ ಸೇರುತ್ತದೆ. ಅದನ್ನು ಹೊರಗೆ ಚೆಲ್ಲದೆ ಮತ್ತೆ ಮಣ್ಣಿಗೇ ಚಿಮುಕಿಸಬೇಕು. ಅಗೆದ ಮಣ್ಣಿನ ಹೆಂಟೆಗಳನ್ನು ಒಡೆದು, ಕಲ್ಲು ಆರಿಸಿ, ಹಾಳೆಯ ಮೇಲೆ ಒಂದಡಿಗಿಂತ ಹೆಚ್ಚು ದಪ್ಪವಾಗದಂತೆ ಹರಡಬೇಕು. ಅದಕ್ಕಿಂತ ದಪ್ಪವಾದರೆ ತಳದ ಮಣ್ಣನ್ನು ಸಲಿಕೆಯಿಂದ ಮಗುಚುವುದು ಆಗದ ಮಾತು.

ಜೇಡಿಯ ಅಂಶ ಹೆಚ್ಚಿರುವ ಮಣ್ಣಿಗೆ ಕತ್ತರಿಸಿದ ಭತ್ತದ ಹುಲ್ಲು ಅಥವಾ ನಾರಿನ ಪುಡಿಯನ್ನು ಐದು ಭಾಗಕ್ಕೆ ಒಂದು ಭಾಗದಷ್ಟು ಬೆರೆಸಿದರೆ ಗಾಳಿಯಾಡುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಹತ್ತಕ್ಕೆ ಒಂದು ಭಾಗದಷ್ಟು ಸೇರಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ಗೊಬ್ಬರ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಸಲ್ಲದು. ಮುಂದೆ ಪಾಯಸವಿರುವಾಗ ಕಷಾಯವನ್ನು ಯಾರೂ ಮೊದಲು ಕುಡಿಯುವುದಿಲ್ಲವಲ್ಲ, ಹಾಗೆಯೇ ಸುಲಭವಾಗಿ ಜೀರ್ಣವಾಗುವ ಗೊಬ್ಬರ ಸಿಕ್ಕಿದಾಗ ಸೂಕ್ಷ್ಮಜೀವಿಗಳು ಎಣ್ಣೆಯ ಗೊಡವೆಗೆ ಹೋಗುವುದಿಲ್ಲ. ಹಸಿ ಸಗಣಿಯನ್ನಂತೂ ಹಾಕಲೇಬಾರದು. ಮರದ ಪುಡಿಯೂ ಸಾರಜನಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಎಣ್ಣೆ ಹೀರಿಸಲು ಬಳಸಿದ್ದಕ್ಕಿಂತ ಹೆಚ್ಚಿಗೆ ಬೆರೆಸುವುದು ಬೇಡ.

ಮಣ್ಣಿನ ತೂಕದ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಎಣ್ಣೆಯಿದ್ದರೆ ಸೂಕ್ಷ್ಮಜೀವಿಗಳೂ ಕುಗ್ಗುತ್ತವೆ. ಜಿನುಗುವಷ್ಟು ಎಣ್ಣೆಯಿರುವ ಮಣ್ಣನ್ನು ಅದೇ ಜಾಗದ ಕಡಿಮೆ ಎಣ್ಣೆಯ ಅಂಚಿನ ಮಣ್ಣಿನೊಂದಿಗೆ ಬೆರೆಸಿ ಹದಕ್ಕೆ ತರುವುದು ಸರಿ. ಅದನ್ನು ಬಿಟ್ಟು, ಹೊಲದ ಒಳ್ಳೆಯ ಮಣ್ಣನ್ನು ಹತ್ತಾರು ಪಟ್ಟು ಸೇರಿಸಿ ವಾಸನೆ ಕಾಣದಂತೆ ಮಾಡುವುದು ಶುದ್ಧೀಕರಣವಲ್ಲ, ಹಂಚಿಕೆ.

ಹುಳಿಯನ್ನು ಪಿಎಚ್ ಪಟ್ಟಿಯಿಂದಲೋ ಮಣ್ಣು ಪರೀಕ್ಷಾ ಕೇಂದ್ರದಲ್ಲೋ ನೋಡಿಸಬೇಕು. 6ರಿಂದ 8ರ ನಡುವೆ ಇದ್ದರೆ ಸಾಕು. ಕರಾವಳಿಯ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಇದಕ್ಕಿಂತ ಹುಳಿಯಾಗಿರುವುದರಿಂದ ಕೃಷಿಸುಣ್ಣ ಬೆರೆಸಬೇಕಾಗುತ್ತದೆ. ಬಯಲುಸೀಮೆಯ ಎರೆಮಣ್ಣಿಗೆ ಅದರ ಅಗತ್ಯ ಬೀಳುವುದಿಲ್ಲ.

ಸಾರಜನಕ ಮತ್ತು ರಂಜಕದ ಲೆಕ್ಕ

ನೂರು ಭಾಗ ಇಂಗಾಲಕ್ಕೆ ಹತ್ತು ಭಾಗ ಸಾರಜನಕ, ಒಂದು ಭಾಗ ರಂಜಕ ಎಂಬುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಹಿಡಿಯುವ ಅನುಪಾತ. 10 ಲೀಟರ್ ಡೀಸೆಲ್ ಚೆಲ್ಲಿ 1 ಘನ ಮೀಟರ್, ಅಂದರೆ ಸುಮಾರು ಒಂದೂವರೆ ಟನ್ ಮಣ್ಣು ಕೆಟ್ಟಿದೆಯೆಂದು ಇಟ್ಟುಕೊಳ್ಳೋಣ. 10 ಲೀಟರ್ ಡೀಸೆಲ್‌ನ ತೂಕ ಸುಮಾರು 8.3 ಕೆ.ಜಿ, ಅದರಲ್ಲಿ ಇಂಗಾಲ ನೂರಕ್ಕೆ 86ರಷ್ಟು, ಎಂದರೆ 7.1 ಕೆ.ಜಿ. ಇದಕ್ಕೆ 710 ಗ್ರಾಂ ಸಾರಜನಕ, 71 ಗ್ರಾಂ ರಂಜಕ ಬೇಕು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46ರಷ್ಟು ಇರುವುದರಿಂದ 1.5 ಕೆ.ಜಿ ಯೂರಿಯಾ ಸಾಕು. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ನಿಜವಾದ ರಂಜಕ ನೂರಕ್ಕೆ ಏಳರಷ್ಟು ಮಾತ್ರ. ಚೀಲದ ಮೇಲೆ ಬರೆದಿರುವ 16 ಎಂಬುದು ಅದರ ಆಕ್ಸೈಡಿನ ಲೆಕ್ಕ. ಹಾಗಾಗಿ ಅದು 1 ಕೆ.ಜಿ ಬೇಕು. ಡಿಎಪಿ ಇದ್ದರೆ 350 ಗ್ರಾಂ ಸಾಕು, ಆಗ ಯೂರಿಯಾವನ್ನು 140 ಗ್ರಾಂ ಕಡಿಮೆ ಮಾಡಬಹುದು.

ಈ ಪ್ರಮಾಣವನ್ನು ಒಮ್ಮೆಗೇ ಹಾಕಬಾರದು. ಸೂಕ್ಷ್ಮಜೀವಿಗಳಿಗೆ ಮುಖ್ಯವಾದದ್ದು ಒಟ್ಟು ಮಣ್ಣಿನಲ್ಲಿ ಎಷ್ಟು ಗೊಬ್ಬರವಿದೆ ಎಂಬುದಲ್ಲ, ಮಣ್ಣಿನ ತೇವದಲ್ಲಿ ಅದು ಎಷ್ಟು ಗಾಢವಾಗಿ ಕರಗಿದೆ ಎಂಬುದು. ಮೇಲಿನ ಉದಾಹರಣೆಯ ಮಣ್ಣಿನಲ್ಲಿ 225 ಲೀಟರ್ ನೀರು ಇದ್ದರೆ, ಎಲ್ಲ ಸಾರಜನಕವನ್ನೂ ಒಟ್ಟಿಗೆ ಹಾಕಿದಾಗ ಒಂದೊಂದು ಲೀಟರಿಗೂ 3 ಗ್ರಾಂ ದಾಟುತ್ತದೆ. ಆ ಉಪ್ಪಿನಂಶದಿಂದಾಗಿ ಜೀವಕೋಶಗಳೊಳಗಿನ ನೀರು ಹೊರಬಂದು ಬ್ಯಾಕ್ಟೀರಿಯಾಗಳು ಸೊರಗುತ್ತವೆ, ಜೊತೆಗೆ ಯೂರಿಯಾದಿಂದ ಹುಟ್ಟುವ ಅಮೋನಿಯಾ ಕೂಡ ವಿಷವೇ. ಆದ್ದರಿಂದ ಫಾಸ್ಫೇಟನ್ನು ಮೊದಲ ದಿನವೇ ಪೂರ್ತಿ ಬೆರೆಸಿ, ಯೂರಿಯಾವನ್ನು ನಾಲ್ಕು ಕಂತು ಮಾಡಿ ಮೂರು ವಾರಕ್ಕೊಮ್ಮೆ ನೀರಿನಲ್ಲಿ ಕರಗಿಸಿ ಚಿಮುಕಿಸಬೇಕು. ಮಗುಚುವಾಗ ಮೂಗಿಗೆ ಅಮೋನಿಯಾ ಹೊಡೆದರೆ ಮುಂದಿನ ಕಂತನ್ನು ತಡೆಹಿಡಿಯಬೇಕು. ಯೂರಿಯಾ ನೈಟ್ರೇಟಾಗಿ ಬದಲಾಗುತ್ತ ಮಣ್ಣನ್ನು ಹುಳಿಯಾಗಿಸುವುದರಿಂದ ತಿಂಗಳಿಗೊಮ್ಮೆ ಪಿಎಚ್ ನೋಡುವುದೂ ಅವಶ್ಯ.

ಮಗುಚುವುದು, ತೇವ ಕಾಯುವುದು

ವಾರಕ್ಕೆ ಒಮ್ಮೆ ಸಲಿಕೆಯಿಂದಲೋ ಸಣ್ಣ ಟಿಲ್ಲರಿನಿಂದಲೋ ತಳದವರೆಗೆ ಮಗುಚಬೇಕು. ತಳದ ಹಾಳೆ ಹರಿಯದಂತೆ ನೋಡಿಕೊಳ್ಳಬೇಕಾದ್ದರಿಂದ ಸಲಿಕೆಯೇ ಮೇಲು. ತೇವವನ್ನು ತಿಳಿಯಲು ಕೈಗವಸು ಹಾಕಿದ ಕೈಯಲ್ಲಿ ಮಣ್ಣನ್ನು ಹಿಂಡಬೇಕು. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಉದುರಬೇಕು; ಬೆರಳ ಸಂದಿಯಿಂದ ನೀರು ಜಿನುಗಿದರೆ ಹೆಚ್ಚಾಯಿತು, ಉಂಡೆಯೇ ಕಟ್ಟದಿದ್ದರೆ ಕಡಿಮೆಯಾಯಿತು. ಎಣ್ಣೆ ಲೇಪಿತ ಮಣ್ಣು ಮೊದಮೊದಲು ನೀರನ್ನು ಹೀರಿಕೊಳ್ಳುವುದಿಲ್ಲ, ಆಗ ಒಮ್ಮೆಲೇ ಸುರಿಯದೆ ಸ್ವಲ್ಪಸ್ವಲ್ಪವೇ ಚಿಮುಕಿಸುತ್ತ ಮಗುಚಬೇಕು. ಕರ್ನಾಟಕದ ತಾಪಮಾನ ವರ್ಷದ ಬಹುಪಾಲು ಈ ಜೀವಿಗಳಿಗೆ ಹೊಂದುತ್ತದೆಯಾದ್ದರಿಂದ ಚಿಂತಿಸಬೇಕಾದದ್ದು ಮಳೆಯ ಬಗ್ಗೆ ಮಾತ್ರ. ಕರಾವಳಿ, ಮಲೆನಾಡಿನವರು ಅಕ್ಟೋಬರ್ ನಂತರ ಆರಂಭಿಸುವುದು ಕ್ಷೇಮ. ಉಳಿದ ಕಡೆಯೂ ಮಳೆ ಬರುವ ಸೂಚನೆಯಿದ್ದಾಗ ಟಾರ್ಪಾಲಿನ್ ಹೊದಿಸಬೇಕು. ಮಳೆ ನಿಂತೊಡನೆ ಅದನ್ನು ತೆಗೆಯಬೇಕು, ಇಲ್ಲವಾದರೆ ಗಾಳಿಯೇ ನಿಂತುಹೋಗುತ್ತದೆ.

ಜೀವಕ್ರಿಯೆ ನಡೆಯುತ್ತಿದೆಯೇ ಎಂದು ಮನೆಯಲ್ಲಿಯೇ ನೋಡಬಹುದು. ಮುಚ್ಚಳವಿರುವ ಡಬ್ಬಿಯಲ್ಲಿ ಒಂದು ಪಾವು ಮಣ್ಣು ಹಾಕಿ, ಅದರ ಮೇಲೆ ಸಣ್ಣ ಬಟ್ಟಲಿನಲ್ಲಿ ತಿಳಿಸುಣ್ಣದ ನೀರನ್ನಿಟ್ಟು ಬಿಗಿಯಾಗಿ ಮುಚ್ಚಿ ಒಂದು ದಿನ ಬಿಡಬೇಕು. ಎಣ್ಣೆ ಬೀಳದ ಮಣ್ಣಿಗೆ ಅಷ್ಟೇ ಗೊಬ್ಬರ, ಯೂರಿಯಾ ಬೆರೆಸಿ ಇನ್ನೊಂದು ಡಬ್ಬಿಯಲ್ಲೂ ಹಾಗೆಯೇ ಇಡಬೇಕು. ಉಸಿರಾಟದ ಇಂಗಾಲದ ಡೈಆಕ್ಸೈಡಿನಿಂದ ಸುಣ್ಣದ ನೀರು ಬೆಳ್ಳಗಾಗುತ್ತದೆ; ಮೊದಲ ಡಬ್ಬಿಯದು ಎರಡನೆಯದಕ್ಕಿಂತ ಹೆಚ್ಚು ಬೆಳ್ಳಗಾದರೆ ಎಣ್ಣೆ ಆಹಾರವಾಗುತ್ತಿದೆಯೆಂದು ತಿಳಿಯಬಹುದು. ಹೋಲಿಕೆಗೆ ಎರಡನೆಯ ಡಬ್ಬಿ ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ಗೊಬ್ಬರವೂ ಇದೇ ಅನಿಲವನ್ನು ಬಿಡುತ್ತದೆ.

ಮುಗಿಯಿತೆಂದು ತಿಳಿಯುವುದು

ವಾಸನೆ ಹೋದದ್ದನ್ನು ಸಾಕ್ಷಿಯಾಗಿ ಹಿಡಿಯಬಾರದು. ಮೊದಲ ವಾರಗಳಲ್ಲಿ ಹಗುರ ಅಂಶಗಳು ಆವಿಯಾಗಿಯೇ ಹೋಗುತ್ತವೆ, ಒಡೆಯಬೇಕಾದ ಭಾರದ ಅಂಶಗಳು ಉಳಿದಿರುತ್ತವೆ. ಡೀಸೆಲ್ ಬಿದ್ದ ಮಣ್ಣು ನಮ್ಮ ಹವೆಯಲ್ಲಿ ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದು ವರ್ಷ ತೆಗೆದುಕೊಳ್ಳುತ್ತದೆಂದು ಎಣಿಸಿಕೊಳ್ಳಬೇಕು. ಕಪ್ಪು ಎಂಜಿನ್ ಆಯಿಲ್‌ಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ, ಪೂರ್ತಿಯಾಗಿ ಹೋಗದೆಯೂ ಇರಬಹುದು. ಆರಂಭದಲ್ಲಿ ಇಳಿಕೆ ವೇಗವಾಗಿರುತ್ತದೆ, ಬರಬರುತ್ತ ನಿಧಾನವಾಗುತ್ತದೆ, ಇದು ಸಹಜ.

ಪರೀಕ್ಷೆಗೆ ಮೂರು ದಾರಿಗಳಿವೆ. ಬಾಟಲಿಯಲ್ಲಿ ಕುಲುಕಿದಾಗ ಬಣ್ಣದ ಪದರ ಕಾಣಬಾರದು. ಒಣಗಿಸಿದ ಮಣ್ಣಿನ ಮೇಲೆ ಬಿಟ್ಟ ನೀರಿನ ಹನಿ ಕೆಲವೇ ಸೆಕೆಂಡಿನಲ್ಲಿ ಇಂಗಬೇಕು. ಇವೆರಡೂ ಆದಮೇಲೆ ಮೊಳಕೆಯ ಪರೀಕ್ಷೆ: ಶುದ್ಧಗೊಳಿಸಿದ ಮಣ್ಣಿನ ಮೂರು ಕುಂಡ, ಪಕ್ಕದ ಒಳ್ಳೆಯ ಮಣ್ಣಿನ ಮೂರು ಕುಂಡಗಳಲ್ಲಿ ಇಪ್ಪತ್ತಿಪ್ಪತ್ತು ಸಾಸಿವೆ ಅಥವಾ ಮೆಂತ್ಯದ ಬೀಜ ಬಿತ್ತಿ, ಹತ್ತು ದಿನದ ಬಳಿಕ ಎಷ್ಟು ಹುಟ್ಟಿವೆ, ಬೇರು ಎಷ್ಟುದ್ದ ಬೆಳೆದಿದೆ ಎಂದು ಕಿತ್ತು ಅಳೆಯಬೇಕು. ಮೊಳಕೆಯ ಸಂಖ್ಯೆಗಿಂತ ಬೇರಿನ ಉದ್ದ ಹೆಚ್ಚು ಸತ್ಯ ಹೇಳುತ್ತದೆ. ವಿಷ ಉಳಿದಿದ್ದರೂ ಬೀಜದೊಳಗಿನ ಆಹಾರದಿಂದ ಮೊಳಕೆ ಬಂದುಬಿಡುತ್ತದೆ, ಬೇರು ಮಾತ್ರ ಇಳಿಯುವುದಿಲ್ಲ. ನಡುವಿನ ತಿಂಗಳುಗಳಲ್ಲಿ ಫಲಿತಾಂಶ ಮೊದಲಿಗಿಂತ ಕೆಟ್ಟದಾಗಿ ಬಂದರೆ ಹೆದರದೆ ಮಗುಚುವುದನ್ನು ಮುಂದುವರಿಸಬೇಕು. ಮಣ್ಣು ಹೆಚ್ಚಿದ್ದರೆ, ಅಥವಾ ಕಪ್ಪು ಆಯಿಲ್ ಬಿದ್ದದ್ದಾಗಿದ್ದರೆ, ಕೊನೆಗೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಪಿಎಎಚ್ ಮತ್ತು ಸೀಸದ ಪರೀಕ್ಷೆ ಮಾಡಿಸಲೇಬೇಕು. ಮಾದರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯದೆ, ಗಾಜಿನ ಬಾಟಲಿಯಲ್ಲಿ ತುಂಬಿ ತಂಪಾಗಿಟ್ಟು ಕೊಡಬೇಕು.

ಇನ್ನು ಎಂಜಿನ್ನಿನಿಂದ ಇಳಿಸುವ ಆಯಿಲ್ ಮಣ್ಣಿಗೆ ಬೀಳದಂತೆ ಟ್ರೇ ಇಟ್ಟು ಹಿಡಿದು, ಕ್ಯಾನಿನಲ್ಲಿ ತುಂಬಿಟ್ಟು ಪರವಾನಗಿ ಪಡೆದ ಮರುಬಳಕೆದಾರರಿಗೆ ಕೊಡುವುದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಪ್ಪುವ ಕ್ರಮ. ಎಣ್ಣೆ ಹೀರಿದ ಹೊಟ್ಟು, ಬಟ್ಟೆಗಳನ್ನು ಊರಿನ ಕಸದ ಗಾಡಿಗೆ ಹಾಕಬಾರದು. ಶುದ್ಧವಾದ ಡೀಸೆಲ್ ಮಣ್ಣನ್ನು ತೆಗೆದ ಗುಂಡಿಗೇ ಮರಳಿ ತುಂಬಿ ಹುಲ್ಲು, ಹೂವಿನ ಗಿಡ ಅಥವಾ ಬೇಲಿಯ ಮರಗಳನ್ನು ಬೆಳೆಸಬಹುದು. ಸೊಪ್ಪು, ಗೆಡ್ಡೆಗಳನ್ನು ಮತ್ತು ದನಕ್ಕೆ ಕೊಯ್ಯುವ ಮೇವನ್ನು ಅಲ್ಲಿ ಬೆಳೆಯಬಾರದು. ಕಪ್ಪು ಆಯಿಲ್ ಬಿದ್ದ ಮಣ್ಣಿನಲ್ಲಿ ಎಣ್ಣೆ ಹೋದ ಮೇಲೂ ಸೀಸ ಉಳಿದಿದೆಯೆಂದು ವರದಿ ಬಂದರೆ ಅದನ್ನು ಹೊಲ, ತೋಟಗಳಿಗೆ ಕೊಂಡೊಯ್ಯದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ವಿಚಾರಿಸಿ ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವ ಘಟಕಕ್ಕೆ ಕಳುಹಿಸಬೇಕು.